ಒಂದು ಪದವನ್ನು ತಿದ್ದಿದ ಶಾಸಕಿ: ಶ್ರೀಮತಿ ಹಂಸಾ ಮೆಹ್ತಾ

ವಡೋದರಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಹಂಸಾ ಮೆಹ್ತಾ ಎಂಬ ಹೆಸರು ಅಪರಿಚಿತವೇನಲ್ಲ. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದ ಕೇಂದ್ರ ಗ್ರಂಥಾಲಯಕ್ಕೆ ಅವರದೇ ಹೆಸರಿದೆ. ನಮ್ಮವರ ಅನೇಕ ಮಕ್ಕಳು ಪರೀಕ್ಷೆಯ ದಿನಗಳಲ್ಲಿ ಅಲ್ಲಿ ಕುಳಿತು ಓದಿದವರೇ. ಆದರೆ ಆ ಹೆಸರಿನ ಮಹಿಳೆ ಯಾರು, ಅವರು ನಾಡಿಗೆ ಮಾಡಿದ ಸೇವೆಯೇನು ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಬ್ಯಾಂಕಿನ ವರ್ಗಾವಣೆಯಿಂದ ಗುಜರಾತಿಗೆ ಬಂದು ಇಲ್ಲಿಯೇ ನೆಲೆನಿಂತ ನಾವು ಕೂಡ ಬಹುಕಾಲ ಆ ಹೆಸರನ್ನು ಕಟ್ಟಡದ ಹೆಸರೆಂದಷ್ಟೇ ತಿಳಿದಿದ್ದೆವು.

ಮುಂಬಯಿ ಪ್ರಾಂತದ ಶಾಸಕಿಯಾಗಿ, ಭಾರತದ ಸಂವಿಧಾನ ಸಭೆಯ ಸದಸ್ಯೆಯಾಗಿ, ವಿಶ್ವಸಂಸ್ಥೆಯ ಪ್ರತಿನಿಧಿಯಾಗಿ ಹಾಗೂ ಕುಲಪತಿಯಾಗಿ ದುಡಿದ ಈ ಮಹನೀಯರ ಜೀವನವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಗುಜರಾತಿನ ವಾಡಿಕೆಯಂತೆ ಅವರನ್ನು ನಾವೂ ಹಂಸಾಬೆನ್ ಎಂದೇ ಕರೆಯೋಣ.

ಹಂಸಾಬೆನ್ ಅವರು 1897ರ ಜುಲೈ 3ರಂದು ಸೂರತ್ತಿನ ನಾಗರ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಅವರ ಅಜ್ಜ ನಂದಶಂಕರ ಮೆಹ್ತಾ ಅವರು ಸೂರತ್ತಿನಲ್ಲಿ ಶಾಲಾ ಮುಖ್ಯೋಪಾಧ್ಯಾಯರಾಗಿದ್ದು, 1866ರಲ್ಲಿ ಪ್ರಕಟವಾದ ಗುಜರಾತಿಯ ಮೊದಲ ಕಾದಂಬರಿ ಕರಣ ಘೇಲೋವನ್ನು ಬರೆದವರು. ತಂದೆ ಮನುಭಾಯಿ ಮೆಹ್ತಾ ಅವರು 1916ರಿಂದ 1927ರವರೆಗೆ ಬರೋಡಾ ಸಂಸ್ಥಾನದ ದಿವಾನರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯನ್ನು ನಮ್ಮ ಹಿರಿಯರು ಎಂತಹ ಗೌರವದಿಂದ ನೆನೆಯುತ್ತಾರೋ ಬರೋಡಾದಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರ ಕಾಲವನ್ನು ಇಲ್ಲಿನ ಹಿರಿಯರು ಅಂತಹುದೇ ಗೌರವದಿಂದ ನೆನೆಯುತ್ತಾರೆ. ಸಯಾಜಿರಾವ್ ಅವರು ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು 1893ರಲ್ಲಿ ಅಮ್ರೇಲಿಯಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿ, 1906ರಲ್ಲಿ ಇಡೀ ಸಂಸ್ಥಾನಕ್ಕೆ ವಿಸ್ತರಿಸಿದ್ದರು. ಹೆಣ್ಣುಮಕ್ಕಳ ಶಿಕ್ಷಣಕ್ಕೆ ಇಂತಹ ಪ್ರೋತ್ಸಾಹವಿದ್ದ ನಗರದಲ್ಲಿ ಬೆಳೆದ ಹಂಸಾಬೆನ್ ಅವರು ಬರೋಡಾ ಕಾಲೇಜಿನಲ್ಲಿ ತತ್ವಶಾಸ್ತ್ರವನ್ನು ಅಭ್ಯಸಿಸಿ 1918ರಲ್ಲಿ ಪದವೀಧರೆಯಾದರು.

ಮರುವರ್ಷ ಅವರು ಸಮಾಜಶಾಸ್ತ್ರ ಹಾಗೂ ಪತ್ರಿಕೋದ್ಯಮದ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿ ದೊರೆತ ಸರೋಜಿನಿ ನಾಯ್ಡು ಅವರ ಪರಿಚಯವು ಅವರ ಬದುಕಿನ ದಿಕ್ಕನ್ನು ಬದಲಿಸಿತು. 1920ರಲ್ಲಿ ಜಿನೀವಾದಲ್ಲಿ ನಡೆದ ಅಂತಾರಾಷ್ಟ್ರೀಯ ಮಹಿಳಾ ಮತಾಧಿಕಾರ ಸಮ್ಮೇಳನದಲ್ಲಿ ಅವರು ಸರೋಜಿನಿಯವರೊಡನೆ ಪಾಲ್ಗೊಂಡರು. ಸ್ವದೇಶಕ್ಕೆ ಮರಳಿದ ಬಳಿಕ 1922ರಲ್ಲಿ ಅಹಮದಾಬಾದಿನ ಸಾಬರಮತಿ ಸೆರೆಮನೆಯಲ್ಲಿ ಗಾಂಧೀಜಿಯವರನ್ನು ಕಂಡದ್ದೂ ಸರೋಜಿನಿಯವರ ಮೂಲಕವೇ. ಹೀಗೆ ಸೂರತ್ತಿನಲ್ಲಿ ಹುಟ್ಟಿ, ವಡೋದರಾದಲ್ಲಿ ವಿದ್ಯೆ ಪಡೆದ ದಿವಾನರ ಮಗಳ ಸಾರ್ವಜನಿಕ ಬದುಕಿಗೆ ಅಹಮದಾಬಾದಿನಲ್ಲಿ ದೀಕ್ಷೆ ದೊರೆಯಿತೆನ್ನಬಹುದು.

1924ರಲ್ಲಿ ಅವರು ಡಾ. ಜೀವರಾಜ ಮೆಹ್ತಾ ಅವರನ್ನು ವಿವಾಹವಾದರು. ಅಮ್ರೇಲಿಯ ಸಾಧಾರಣ ವೈಶ್ಯ ಕುಟುಂಬದಲ್ಲಿ ಹುಟ್ಟಿ, ಸ್ವಂತ ಪ್ರತಿಭೆಯಿಂದ ಲಂಡನ್ನಿನಲ್ಲಿ ಉನ್ನತ ವೈದ್ಯಕೀಯ ಪದವಿ ಪಡೆದಿದ್ದ ಜೀವರಾಜರು ಆಗ ಬರೋಡಾ ಸಂಸ್ಥಾನದ ಮುಖ್ಯ ವೈದ್ಯಾಧಿಕಾರಿಗಳು. ವಧುವಿನ ಜಾತಿ ವರನ ಜಾತಿಗಿಂತ ಮೇಲಿನದೆಂದು ಎಣಿಸಲಾಗುತ್ತಿದ್ದ ಪ್ರತಿಲೋಮ ವಿವಾಹವಿದು. ನಾಗರ ಸಮಾಜದಲ್ಲಿ ದೊಡ್ಡ ಕೋಲಾಹಲವೆದ್ದಿತು. ಹಂಸಾಬೆನ್ ಅವರಿಗೆ ಜಾತಿಯಿಂದ ಬಹಿಷ್ಕಾರ ಬಂದಿತು. ಮಹಾರಾಜ ಸಯಾಜಿರಾವ್ ಅವರು ಈ ವಿವಾಹದ ಬೆಂಬಲಕ್ಕೆ ನಿಂತರು. ಮುಂದೆ ಶಾಸನ ಸಭೆಗಳಲ್ಲಿ ವಿವಾಹ ಹಾಗೂ ವಾರಸುದಾರಿಕೆಯ ಕಾನೂನುಗಳ ಬಗ್ಗೆ ಹಂಸಾಬೆನ್ ಅವರು ಮಾತನಾಡುವಾಗ ಅದು ಕೇವಲ ಪುಸ್ತಕದ ಅರಿವಾಗಿರಲಿಲ್ಲ. ಕಟ್ಟುಪಾಡು ಒಬ್ಬ ಹೆಣ್ಣುಮಗಳ ಮೇಲೆ ಹೇಗೆ ಬಂದು ಬೀಳುತ್ತದೆಂಬುದನ್ನು ಅವರು ಸ್ವತಃ ಅನುಭವಿಸಿ ತಿಳಿದಿದ್ದರು.

ದಂಪತಿಗಳು ಮುಂಬಯಿಗೆ ಬಂದು ನೆಲೆಸಿದರು. ಪರೇಲಿನ ಕೆ.ಇ.ಎಂ. ಆಸ್ಪತ್ರೆ ಹಾಗೂ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜುಗಳ ಮೊದಲ ಡೀನ್ ಆಗಿ ಜೀವರಾಜರು ಅವೆರಡನ್ನೂ ಕಟ್ಟಿ ಬೆಳೆಸಿದರು. ಹಂಸಾಬೆನ್ ಅವರು 1926ರಲ್ಲಿ ಮುಂಬಯಿಯ ನಗರ ಶಾಲಾ ಸಮಿತಿಗೆ ಚುನಾಯಿತರಾದರು. ಅದೇ ವರ್ಷ ನಮ್ಮ ಮಂಗಳೂರಿನವರಾದ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನ ಪರಿಷತ್ತಿಗೆ ಸ್ಪರ್ಧಿಸಿ ಅತ್ಯಲ್ಪ ಮತಗಳ ಅಂತರದಲ್ಲಿ ಸೋತಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು. ಮಹಿಳೆಯೊಬ್ಬಳು ಶಾಸನ ಸಭೆಯ ಬಾಗಿಲು ತಟ್ಟುವುದೇ ಸುದ್ದಿಯಾಗುತ್ತಿದ್ದ ಕಾಲವದು. 1930ರ ಸತ್ಯಾಗ್ರಹದಲ್ಲಿ ಹಂಸಾಬೆನ್ ಅವರು ಮುಂಬಯಿಯ ದೇಶಸೇವಿಕಾ ಸಂಘದ ಸ್ತ್ರೀಯರೊಡನೆ ವಿದೇಶಿ ಬಟ್ಟೆ ಹಾಗೂ ಮದ್ಯದ ಅಂಗಡಿಗಳ ಮುಂದೆ ಪಿಕೆಟಿಂಗ್ ನಡೆಸಿ ಸೆರೆಮನೆ ಸೇರಿದರು. 1932ರಲ್ಲಿ ಪತಿ ಪತ್ನಿ ಇಬ್ಬರೂ ಬಂಧಿತರಾದರು.

1937ರ ಪ್ರಾಂತೀಯ ಚುನಾವಣೆಯಲ್ಲಿ ಅವರ ಶಾಸಕ ಜೀವನ ಆರಂಭವಾಯಿತು. ಆ ಚುನಾವಣೆಯಲ್ಲಿ ಅವರು ಕೈಗೊಂಡ ಒಂದು ನಿರ್ಧಾರ ಗಮನಾರ್ಹವಾದುದು. ಮಹಿಳೆಯರಿಗೆಂದು ಮೀಸಲಾದ ಸ್ಥಾನವನ್ನು ಅವರು ನಿರಾಕರಿಸಿದರು; ಸಾಮಾನ್ಯ ಸ್ಥಾನದಿಂದ ಸ್ಪರ್ಧಿಸಿ ಗೆದ್ದು ಮುಂಬಯಿ ವಿಧಾನ ಪರಿಷತ್ತನ್ನು ಪ್ರವೇಶಿಸಿದರು. ಸ್ತ್ರೀಯರು ಕೇಳಬೇಕಾದುದು ಸಮಾನತೆಯನ್ನೇ ಹೊರತು ವಿಶೇಷ ಸವಲತ್ತನ್ನಲ್ಲ ಎಂಬುದು ಅವರ ದೃಢ ನಂಬಿಕೆ. ಸಂವಿಧಾನ ಸಭೆಯಲ್ಲಿಯೂ ಅವರು ಈ ನಿಲುವನ್ನೇ ಮುಂದಿಟ್ಟರು. ಇದು ಇಂದಿಗೂ ಚರ್ಚಾಸ್ಪದ ವಿಷಯ. 2023ರಲ್ಲಿ ಸಂವಿಧಾನದ 106ನೆಯ ತಿದ್ದುಪಡಿಯು ಲೋಕಸಭೆ ಹಾಗೂ ವಿಧಾನಸಭೆಗಳಲ್ಲಿ ಮೂರನೆಯ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಹಂಸಾಬೆನ್ ಅವರ ತಲೆಮಾರು ಸಮಾನತೆ ಬೇಗನೆ ಬಂದೀತೆಂದು ಆಶಿಸಿತ್ತು. ಆ ಆಶೆ ಪೂರ್ಣವಾಗಿ ಕೈಗೂಡಲಿಲ್ಲ ಎಂದೇ ನಾವು ಒಪ್ಪಿಕೊಳ್ಳಬೇಕು.

ಆ ಮುಂಬಯಿ ಶಾಸನ ಮಂಡಲವು ಕನ್ನಡಿಗರಿಗೂ ಸೇರಿದ್ದಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ ಹಾಗೂ ಉತ್ತರ ಕನ್ನಡ ಜಿಲ್ಲೆಗಳು ಅಹಮದಾಬಾದ್, ಖೇಡಾ, ಭರೂಚ್, ಸೂರತ್ ಜಿಲ್ಲೆಗಳೊಡನೆ ಒಂದೇ ಪ್ರಾಂತದಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಧಾರವಾಡದ ರೈತನಿಗೂ ಸೂರತ್ತಿನ ನೇಕಾರನಿಗೂ ಪ್ರಾಂತದ ಕಾನೂನು ಒಂದೇ. ಹಂಸಾಬೆನ್ ಅವರು ಶಿಕ್ಷಣ ಖಾತೆಯ ಸಂಸದೀಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದಾಗ ಆ ಖಾತೆಯ ವ್ಯಾಪ್ತಿಯಲ್ಲಿ ನಮ್ಮ ಕನ್ನಡ ಶಾಲೆಗಳೂ ಇದ್ದವು. ಅಂದಿನ ಧಾರವಾಡ ಜಿಲ್ಲೆಯ ಹಳ್ಳಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರಿಗೆ ಈ ಸಂಗತಿ ತಿಳಿದಿರಲಿಕ್ಕಿಲ್ಲ.

1939ರಲ್ಲಿ ಯುದ್ಧದ ವಿಷಯದಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ನೀಡಿದುದರಿಂದ ಶಾಸನ ಕಾರ್ಯಕ್ಕೆ ದೀರ್ಘ ವಿರಾಮ ಬಂದಿತು. ಆ ನಡುವೆ ಅವರು ಹಿಂದೂ ಕಾನೂನಿನಲ್ಲಿ ಸ್ತ್ರೀಯ ವಿವಾಹ ಹಾಗೂ ವಾರಸುದಾರಿಕೆಯ ಹಕ್ಕುಗಳನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಅದು 1943ರಲ್ಲಿ ಪ್ರಕಟವಾಯಿತು. 1946ರಲ್ಲಿ ಜನಪ್ರತಿನಿಧಿಗಳ ಆಡಳಿತ ಮರಳಿದ ಮೇಲೆ ಮುಂಬಯಿ ಶಾಸನ ಮಂಡಲವು ಅದೇ ವರ್ಷ ಹಿಂದೂ ದ್ವಿಪತ್ನಿತ್ವ ತಡೆ ಕಾಯಿದೆಯನ್ನೂ 1947ರಲ್ಲಿ ಹಿಂದೂ ವಿಚ್ಛೇದನ ಕಾಯಿದೆಯನ್ನೂ ಅಂಗೀಕರಿಸಿತು. ಮೊದಲನೆಯ ಕಾಯಿದೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತಾದರೂ 1951ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇಡೀ ದೇಶದ ಹಿಂದೂಗಳಿಗೆ ಇಂತಹ ಕಾನೂನು ಬಂದದ್ದು 1955ರ ಹಿಂದೂ ವಿವಾಹ ಕಾಯಿದೆಯಿಂದ. ಅದಕ್ಕೂ ಸುಮಾರು ಒಂಬತ್ತು ವರ್ಷ ಮೊದಲೇ ಸೂರತ್ತಿನ ಹಾಗೂ ಧಾರವಾಡದ ಹೆಂಗಸರಿಗೆ ಈ ರಕ್ಷಣೆ ದೊರೆತಿತ್ತು. ಇದು ಯಾವೊಬ್ಬರ ಕೆಲಸವೂ ಅಲ್ಲ. ಆದರೆ ಆ ಕಾನೂನುಗಳ ಹಿಂದಿನ ಮಹಿಳಾ ಚಳವಳಿಯ ಮುಂಚೂಣಿಯಲ್ಲಿ ಹಂಸಾಬೆನ್ ಇದ್ದರು.

1945ರ ಕೊನೆಯಲ್ಲಿ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಭಾರತೀಯ ಸ್ತ್ರೀಯರ ಹಕ್ಕುಗಳ ಸನ್ನದೊಂದನ್ನು ರೂಪಿಸಬೇಕೆಂದು ಅಲ್ಲಿ ಸೂಚಿಸಿದರು. ವಿದ್ಯೆ, ಸಮಾನ ವೇತನ, ಆಸ್ತಿಯಲ್ಲಿ ಪಾಲು, ವಿವಾಹದಲ್ಲಿ ಸಮಾನ ಸ್ಥಾನ ಮುಂತಾದ ಬೇಡಿಕೆಗಳು ಆ ಚಳವಳಿಯ ಜೀವಾಳವಾಗಿದ್ದವು.

ಸಂವಿಧಾನ ಸಭೆಗೆ ಮುಂಬಯಿಯಿಂದ ಆಯ್ಕೆಯಾದ ಅವರು ಅಲ್ಲಿದ್ದ ಹದಿನೈದು ಮಹಿಳೆಯರಲ್ಲಿ ಒಬ್ಬರು. ಮೂಲಭೂತ ಹಕ್ಕುಗಳ ಉಪಸಮಿತಿಯಲ್ಲಿ ರಾಜಕುಮಾರಿ ಅಮೃತ್ ಕೌರ್ ಹಾಗೂ ಹಂಸಾಬೆನ್ ಇಬ್ಬರೂ ಇದ್ದರು. ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಯಾವ ಮಿತಿಯೂ ಇಲ್ಲದೆ ಬರೆದರೆ ಮುಂದೆ ಬಾಲ್ಯವಿವಾಹ, ಪರದಾ, ಬಹುಪತ್ನಿತ್ವ, ಅಸಮಾನ ವಾರಸುದಾರಿಕೆ, ಹೆಣ್ಣುಮಕ್ಕಳನ್ನು ದೇವಾಲಯಗಳಿಗೆ ಅರ್ಪಿಸುವ ಪದ್ಧತಿ ಇವುಗಳ ವಿರುದ್ಧ ಕಾನೂನು ಮಾಡುವುದೇ ಅಸಾಧ್ಯವಾದೀತೆಂದು ಅವರಿಬ್ಬರೂ 1947ರಲ್ಲಿ ಎಚ್ಚರಿಸಿದರು. ಸವದತ್ತಿಯ ಎಲ್ಲಮ್ಮನ ಗುಡ್ಡದ ಕಥೆಯನ್ನು ಬಲ್ಲ ನಮಗೆ ಈ ಕಡೆಯ ಮಾತಿನ ತೂಕ ಅರ್ಥವಾಗುತ್ತದೆ. ಮುಂಬಯಿ ಪ್ರಾಂತ 1934ರಲ್ಲಿಯೇ ದೇವದಾಸಿ ರಕ್ಷಣಾ ಕಾಯಿದೆಯನ್ನು ತಂದಿದ್ದರೂ ಆ ಪದ್ಧತಿ ಅಳಿಯಲಿಲ್ಲ. ಕರ್ನಾಟಕವು 1982ರಲ್ಲಿ ಮತ್ತೊಂದು ಕಾಯಿದೆಯನ್ನು ತರಬೇಕಾಯಿತು. ಸಾಮಾಜಿಕ ಸುಧಾರಣೆಗಾಗಿ ಶಾಸನ ಮಾಡುವ ಅಧಿಕಾರವನ್ನು ಸಂವಿಧಾನದ 25ನೆಯ ವಿಧಿ ಉಳಿಸಿಕೊಂಡಿದೆಯೆಂದರೆ ಅದರ ಹಿಂದೆ ಈ ಇಬ್ಬರ ಆಗ್ರಹವಿದೆ. ಏಕರೂಪ ನಾಗರಿಕ ಸಂಹಿತೆಯ ವಿಷಯದಲ್ಲಿ ಅವರಿಗೆ ಸೋಲಾಯಿತು. ಅದು ನ್ಯಾಯಾಲಯದ ಮೂಲಕ ಜಾರಿಗೊಳಿಸಬಲ್ಲ ಹಕ್ಕಾಗಬೇಕೆಂದು ಅವರು, ಅಮೃತ್ ಕೌರ್ ಹಾಗೂ ಮಿನೂ ಮಸಾನಿ ಭಿನ್ನಮತ ದಾಖಲಿಸಿದರು. ಬಹುಮತ ಅದನ್ನು ಒಪ್ಪಲಿಲ್ಲ. ಅದು ನಿರ್ದೇಶಕ ತತ್ವಗಳಲ್ಲಿ ಸೇರಿತು.

1947ರ ಆಗಸ್ಟ್ 14ರ ಮಧ್ಯರಾತ್ರಿ ಸಂವಿಧಾನ ಸಭೆ ಸೇರಿದಾಗ ಭಾರತದ ಸ್ತ್ರೀಯರ ಪರವಾಗಿ ರಾಷ್ಟ್ರಧ್ವಜವನ್ನು ಸಭೆಗೆ ಅರ್ಪಿಸುವ ಗೌರವ ಅವರದಾಯಿತು. ಸರೋಜಿನಿ ನಾಯ್ಡು ಅವರ ಅನುಪಸ್ಥಿತಿಯಲ್ಲಿ ಅವರ ಶಿಷ್ಯೆಗೆ ಈ ಅವಕಾಶ ದೊರೆತುದು ಉಚಿತವೇ ಆಗಿತ್ತು.

ಇನ್ನು ಈ ಲೇಖನದ ಶೀರ್ಷಿಕೆಗೆ ಕಾರಣವಾದ ಘಟನೆಗೆ ಬರೋಣ. ಎರಡನೆಯ ಮಹಾಯುದ್ಧದ ಬಳಿಕ ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಘೋಷಣೆಯೊಂದನ್ನು ರಚಿಸಲು ಹದಿನೆಂಟು ಸದಸ್ಯರ ಆಯೋಗವನ್ನು ನೇಮಿಸಿತು. ಅದರಲ್ಲಿದ್ದ ಮಹಿಳೆಯರು ಇಬ್ಬರೇ: ಅಧ್ಯಕ್ಷೆಯಾಗಿದ್ದ ಅಮೆರಿಕದ ಎಲಿನೋರ್ ರೂಸ್‌ವೆಲ್ಟ್ ಹಾಗೂ ಭಾರತದ ಹಂಸಾ ಮೆಹ್ತಾ. ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ ಮನುಷ್ಯರು ಎಂಬರ್ಥಕ್ಕೆ ಮೆನ್ ಎಂಬ ಇಂಗ್ಲಿಷ್ ಪದವಿತ್ತು. ಅದರಲ್ಲಿ ಸ್ತ್ರೀಯರೂ ಸೇರಿದ್ದಾರೆಂದು ಎಲ್ಲರೂ ತಿಳಿಯುತ್ತಾರೆ ಎಂಬುದು ರೂಸ್‌ವೆಲ್ಟ್ ಅವರ ಅಭಿಪ್ರಾಯ. ಹಂಸಾಬೆನ್ ಒಪ್ಪಲಿಲ್ಲ. ಆ ಪದದ ಮತ್ತೊಂದು ಅರ್ಥ ಗಂಡಸರು ಎಂಬುದಾಗಿದ್ದು, ಕೆಲವು ದೇಶಗಳು ಅದನ್ನೇ ಹಿಡಿದು ಸ್ತ್ರೀಯರನ್ನು ಹೊರಗಿಡಬಹುದೆಂದು ಅವರು ವಾದಿಸಿದರು. ಮಹಿಳೆಯರ ಸ್ಥಾನಮಾನದ ಆಯೋಗದ ಒತ್ತಾಯವೂ ಅವರ ವಾದಕ್ಕೆ ಜೊತೆಗೂಡಿತು. ಕೊನೆಗೆ ಆ ಪದದ ಬದಲು ಮಾನವಜೀವಿಗಳು ಎಂಬರ್ಥದ ಹ್ಯೂಮನ್ ಬೀಯಿಂಗ್ಸ್ ಎಂಬ ಪದಗಳು ಬಂದವು. 1948ರ ಡಿಸೆಂಬರ್ 10ರಂದು ಪ್ಯಾರಿಸಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಘೋಷಣೆಯನ್ನು ಅಂಗೀಕರಿಸಿತು. 48 ರಾಷ್ಟ್ರಗಳು ಪರವಾಗಿ ಮತ ನೀಡಿದವು. 8 ರಾಷ್ಟ್ರಗಳು ತಟಸ್ಥವಾಗಿ ಉಳಿದವು. ವಿರೋಧವಾಗಿ ಯಾರೂ ಮತ ಹಾಕಲಿಲ್ಲ. ಅದೇ ವಿಧಿಯಲ್ಲಿದ್ದ ಸಹೋದರರ ಉಲ್ಲೇಖಕ್ಕೂ ಹಂಸಾಬೆನ್ ಆಕ್ಷೇಪಿಸಿದ್ದರು. ಆದರೆ ಭ್ರಾತೃತ್ವ ಎಂಬರ್ಥದ ಪದ ಅಲ್ಲಿ ಉಳಿದುಕೊಂಡಿತು.

ಒಂದು ಪದಕ್ಕಾಗಿ ಇಷ್ಟೊಂದು ವಾದವೇ ಎಂದು ಕೆಲವರಿಗೆ ಅನ್ನಿಸಬಹುದು. ದಿನವಿಡೀ ಸಾಲಪತ್ರ, ಜಾಮೀನುಪತ್ರಗಳನ್ನು ನೋಡುವ ನಮ್ಮಂತಹವರಿಗೆ ಹಾಗೆ ಅನ್ನಿಸದು. ಪತ್ರ ಬರೆಯುವಾಗ ಎಲ್ಲರಿಗೂ ಅರ್ಥವಾಗುತ್ತದೆಂದು ಬಿಟ್ಟ ಪದವೇ ವ್ಯಾಜ್ಯ ಬಂದಾಗ ಎದುರಾಳಿಯ ಕೈಗೆ ಆಯುಧವಾಗುತ್ತದೆ. ಮುಂಬಯಿ ಪರಿಷತ್ತಿನಲ್ಲಿ ಮಸೂದೆಗಳನ್ನು ಕಲಮು ಕಲಮಾಗಿ ಓದಿ ರೂಢಿಯಿದ್ದ ಶಾಸಕಿಗೆ ಇದು ಚೆನ್ನಾಗಿ ತಿಳಿದಿತ್ತು.

ವಿಶ್ವಸಂಸ್ಥೆಯ ಕಾರ್ಯ ಮುಗಿಯುವ ಮುನ್ನವೇ ವಡೋದರಾ ಅವರನ್ನು ಮರಳಿ ಕರೆಯಿತು. 1949ರಲ್ಲಿ ಬರೋಡಾ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಅದೇ ವರ್ಷ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡಿತು. ಅದರ ಮೊದಲ ಕುಲಪತಿಯಾಗಿ ಹಂಸಾಬೆನ್ ಅಧಿಕಾರ ವಹಿಸಿಕೊಂಡರು. ಸ್ತ್ರೀ ಪುರುಷರಿಬ್ಬರೂ ಓದುವ ಭಾರತೀಯ ವಿಶ್ವವಿದ್ಯಾನಿಲಯಕ್ಕೆ ಮಹಿಳೆಯೊಬ್ಬರು ಕುಲಪತಿಯಾದದ್ದು ಅದೇ ಮೊದಲು. 1881ರಲ್ಲಿ ಸ್ಥಾಪಿತವಾದ ಬರೋಡಾ ಕಾಲೇಜು, 1890ರ ಕಲಾಭವನ ಮುಂತಾದ ಹಳೆಯ ಸಂಸ್ಥೆಗಳನ್ನು ಒಂದುಗೂಡಿಸಿ, ಅವುಗಳ ಜೊತೆಗೆ ಲಲಿತಕಲೆ, ಗೃಹವಿಜ್ಞಾನ, ಸಮಾಜಕಾರ್ಯ ಮುಂತಾದ ಹೊಸ ವಿಭಾಗಗಳನ್ನು ಅವರು ಬೆಳೆಸಿದರು. ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೆಂದರೆ, ಅವರ ಅವಧಿಯಲ್ಲಿಯೇ 1951ರಲ್ಲಿ ಮೈಸೂರಿನ ಪ್ರೊ. ಎಂ.ಎನ್. ಶ್ರೀನಿವಾಸ್ ಅವರು ಆಕ್ಸ್‌ಫರ್ಡನ್ನು ಬಿಟ್ಟು ವಡೋದರಾಕ್ಕೆ ಬಂದು ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. ಕೊಡವರನ್ನು ಕುರಿತ ಅವರ ಪ್ರಸಿದ್ಧ ಗ್ರಂಥ 1952ರಲ್ಲಿ ಹೊರಬಂದಾಗ ಅವರು ಇಲ್ಲಿಯೇ ಇದ್ದರು. ಹಂಸಾಬೆನ್ 1958ರವರೆಗೆ ಆ ಹುದ್ದೆಯಲ್ಲಿದ್ದರು. 1959ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು.

1960ರ ಮೇ 1ರಂದು ಗುಜರಾತ್ ರಾಜ್ಯ ಉದಯಿಸಿದಾಗ ಡಾ. ಜೀವರಾಜ ಮೆಹ್ತಾ ಅವರು ಮೊದಲ ಮುಖ್ಯಮಂತ್ರಿಗಳಾದರು. ಅಂದಿನ ರಾಜಧಾನಿ ಅಹಮದಾಬಾದ್. ಮುಖ್ಯಮಂತ್ರಿಯ ಪತ್ನಿಯೆಂಬುದಷ್ಟೇ ಹಂಸಾಬೆನ್ ಅವರ ಪರಿಚಯವಾಗಲಿಲ್ಲ. 1962ರಲ್ಲಿ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಪಠ್ಯಕ್ರಮ ಬೇಕೇ ಎಂಬುದನ್ನು ಪರಿಶೀಲಿಸಲು ನೇಮಕವಾದ ರಾಷ್ಟ್ರೀಯ ಸಮಿತಿಗೆ ಅವರು ಅಧ್ಯಕ್ಷರಾದರು. ಬುದ್ಧಿಶಕ್ತಿಯಲ್ಲಿ ಲಿಂಗಭೇದವಿಲ್ಲವಾದ್ದರಿಂದ ಪಠ್ಯದಲ್ಲಿಯೂ ಭೇದ ಸಲ್ಲದು, ಇಬ್ಬರಿಗೂ ಒಂದೇ ಪಾಠವಿರಲಿ ಎಂಬುದು ಆ ಸಮಿತಿಯ ಶಿಫಾರಸಿನ ಸಾರ. ಇಂದು ನಮ್ಮ ಹೆಣ್ಣುಮಕ್ಕಳು ಗಣಿತ, ವಿಜ್ಞಾನಗಳನ್ನು ಸಹಜವಾಗಿ ಆರಿಸಿಕೊಳ್ಳುವಾಗ ಅದು ಒಮ್ಮೆ ಚರ್ಚೆಯ ವಿಷಯವಾಗಿತ್ತೆಂಬುದು ಮರೆತೇಹೋಗಿದೆ. 1963ರಲ್ಲಿ ಜೀವರಾಜರು ಬ್ರಿಟನ್ನಿಗೆ ಭಾರತದ ಹೈಕಮಿಷನರ್ ಆಗಿ ತೆರಳಿದರು. 1978ರಲ್ಲಿ ಅವರು ನಿಧನರಾದರು.

ಇಷ್ಟೆಲ್ಲ ಸಾರ್ವಜನಿಕ ಹೊಣೆಗಳ ನಡುವೆಯೂ ಹಂಸಾಬೆನ್ ಅವರು ಅಜ್ಜನ ಮನೆಯಿಂದ ಬಂದ ಲೇಖನಿಯನ್ನು ಕೆಳಗಿಡಲಿಲ್ಲ. ಗುಜರಾತಿಯಲ್ಲಿ ಮಕ್ಕಳಿಗಾಗಿ ಕಥೆಗಳನ್ನು ಬರೆದರು. ಗಲಿವರನ ಪ್ರವಾಸ, ಮರದ ಬೊಂಬೆ ಪಿನೋಕಿಯೋನ ಸಾಹಸ ಇವುಗಳನ್ನು ಗುಜರಾತಿ ಮಕ್ಕಳಿಗೆ ತಲುಪಿಸಿದರು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಹಾಗೂ ವೆನಿಸ್ಸಿನ ವರ್ತಕ ನಾಟಕಗಳನ್ನೂ ವಾಲ್ಮೀಕಿ ರಾಮಾಯಣದ ಕೆಲವು ಕಾಂಡಗಳನ್ನೂ ಅನುವಾದಿಸಿದರು. 1995ರ ಏಪ್ರಿಲ್ 4ರಂದು ತಮ್ಮ 97ನೆಯ ವಯಸ್ಸಿನಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು.

ಅವರು ಬಯಸಿದ ಸಮಾನ ವಾರಸುದಾರಿಕೆ ಬಹಳ ತಡವಾಗಿ ಬಂದಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಹೆಣ್ಣುಮಕ್ಕಳಿಗೆ ಕೆಲವು ಹಕ್ಕುಗಳನ್ನು ಕೊಟ್ಟರೂ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಪಾಲು ನೀಡಲಿಲ್ಲ. ಕರ್ನಾಟಕವು ತನ್ನ ತಿದ್ದುಪಡಿಯ ಮೂಲಕ 1994ರಲ್ಲಿಯೇ ಆ ಹಕ್ಕನ್ನು ನೀಡಿತು. ಗುಜರಾತಿನ ಹೆಣ್ಣುಮಕ್ಕಳು ಕೇಂದ್ರದ 2005ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅದನ್ನು ನೋಡಲು ಹಂಸಾಬೆನ್ ಇರಲಿಲ್ಲ.

ಕಾನೂನು ಬಂದಿದೆ, ಆದರೆ ಮನೆಯೊಳಗೆ ಬಂದಿದೆಯೇ? ಬ್ಯಾಂಕಿನ ಮೇಜಿನ ಈಚೆ ಕುಳಿತು ನಾವು ಕಂಡ ದೃಶ್ಯ ಸಾಮಾನ್ಯವಾದುದೇ. ತಂದೆ ತೀರಿಕೊಂಡ ಮೇಲೆ ಠೇವಣಿಯ ಹಣಕ್ಕಾಗಿ ಕುಟುಂಬದವರು ಬರುತ್ತಾರೆ. ವಾರಸುದಾರರ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರಿರುತ್ತದೆ. ಹಕ್ಕುಬಿಡುಗಡೆಯ ಪತ್ರವನ್ನು ಮುಂದಿಟ್ಟೊಡನೆ ಅವರು ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಾರೆ. ಓದಿ ನೋಡುವವರು ಬಹಳ ಕಡಿಮೆ. ಪರರ ಮಾತೇಕೆ? ಊರಿನಲ್ಲಿ ನಮ್ಮ ಮನೆತನದ ಜಮೀನಿನ ಪತ್ರಕ್ಕೆ ನಮ್ಮ ಅಕ್ಕನವರು ಸಹಿ ಹಾಕಿದಾಗ ಪಕ್ಕದಲ್ಲಿಯೇ ಕುಳಿತಿದ್ದ ನಾವು ಅದರಲ್ಲಿ ಏನಿದೆಯೆಂದು ಓದಿ ಹೇಳಲಿಲ್ಲ. ಅವರು ಕೇಳಲೂ ಇಲ್ಲ; ತಮ್ಮನ ಮೇಲಿನ ವಿಶ್ವಾಸದಿಂದ ಸಹಿ ಮಾಡಿ, ಕಾಫಿ ತರಲು ಒಳಗೆ ಹೋದರು. ಪದಗಳ ಬೆಲೆಯನ್ನು ವೃತ್ತಿಯಿಂದಲೇ ಬಲ್ಲ ನಾವು ಅಂದು ಸುಮ್ಮನಿದ್ದದ್ದು ಈ ಜೀವನವನ್ನು ಓದುವಾಗ ಮತ್ತೆ ಮತ್ತೆ ನೆನಪಾಯಿತು.

ಹಂಸಾಬೆನ್ ಅವರ ಎಲ್ಲ ನಿಲುವುಗಳನ್ನೂ ಇಂದು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಬರೆದ ಮಾತನ್ನು ಪೂರ್ಣವಾಗಿ ಓದಬೇಕು, ಅದರಲ್ಲಿ ಯಾರು ಬಿಟ್ಟುಹೋಗಿದ್ದಾರೆಂದು ಕೇಳಬೇಕು, ಕೇಳಿದ ಮೇಲೆ ತಿದ್ದುವವರೆಗೂ ಬಿಡಬಾರದು ಎಂಬುದನ್ನು ಅವರ ಶಾಸಕ ಜೀವನ ನಮಗೆ ಕಲಿಸುತ್ತದೆ. ವಡೋದರಾದ ಗ್ರಂಥಾಲಯಕ್ಕೆ ಹೋಗುವ ನಮ್ಮ ಮಕ್ಕಳಿಗೆ ಆ ಹೆಸರಿನ ಹಿಂದಿನ ಕಥೆಯನ್ನು ಹೇಳೋಣ. ಮನೆಯಲ್ಲಿ ಇನ್ನು ಮುಂದೆ ಯಾವುದೇ ಪತ್ರಕ್ಕೆ ಹೆಣ್ಣುಮಕ್ಕಳ ಸಹಿ ಬೇಕಾದಾಗ ಅದನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳೋಣ. ಆ ಮಹಾನ್ ಚೇತನಕ್ಕೆ ನಮ್ಮಂತಹ ಸಾಮಾನ್ಯರು ಸಲ್ಲಿಸಬಹುದಾದ ಗೌರವವಿದು.